ದೋಣಿ ಮಾರಿ ಕಟ್ಟಿದ ಆರು ಕೋಣೆ: ಒಂದು ಪ್ರಕರಣ ಅಧ್ಯಯನ

ಇದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕಥೆ. ಗದಗ ಜಿಲ್ಲೆಯ ಹುಡುಗ. ಅವನ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಅವನ ಹೆಸರು, ಊರು, ಅವನು ದುಡಿದ ರೆಸಾರ್ಟ್, ಆ ದ್ವೀಪ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ದೇಶದ ಹೆಸರನ್ನು ಮಾತ್ರ ಮುಚ್ಚಿಡಲು ಆಗುವುದಿಲ್ಲ. ಅದು ಮಾಲ್ಡೀವ್ಸ್.

ನಾನು ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಪ್ರವಾಸೋದ್ಯಮ ಪಾಠ ಮಾಡುತ್ತೇನೆ. ವರ್ಷಗಟ್ಟಲೆ ಮಾಲ್ಡೀವ್ಸನ್ನು ಗೆದ್ದ ದೇಶ ಅಂತಲೇ ಕಲಿಸಿದೆ. 1972ರಲ್ಲಿ ಮೊದಲ ರೆಸಾರ್ಟ್ ಶುರುವಾಯಿತು, 2011ರಲ್ಲಿ ತೀರಾ ಬಡ ದೇಶಗಳ ಪಟ್ಟಿಯಿಂದ ಹೊರಬಂತು, 2019ರಲ್ಲಿ 17 ಲಕ್ಷ ಪ್ರವಾಸಿಗರು ಬಂದರು. ಈ ಅಂಕಿ ಬೋರ್ಡಿನ ಮೇಲೆ ಬರೆದರೆ ಕ್ಲಾಸಿನಲ್ಲಿ ಎಲ್ಲರ ಕಣ್ಣು ಅರಳುತ್ತಿದ್ದವು. ಈ ಎಲ್ಲ ಮಾತೂ ನಿಜವೇ. ಆದರೆ ಅವುಗಳ ಹಿಂದೆ ಏನಿದೆ ಅಂತ ನನಗೆ ತೋರಿಸಿದವನು ಈ ಹುಡುಗ.

ಹಿನ್ನೆಲೆ

ಮನೆಗೆ ಆರು ಎಕರೆ ಎರೆ ಹೊಲ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ. ಹಿಂಗಾರಿಗೆ ಜೋಳ, ಕಡಲೆ. ಮಳೆ ನಂಬಿದ ಬದುಕು. ಅಪ್ಪ, ಅವ್ವ, ಓದುತ್ತಿದ್ದ ತಂಗಿ, ಮೇಲೆ ಸೊಸೈಟಿ ಸಾಲ. 2018ರಲ್ಲಿ ಅವನಿಗೆ ಮಾಲ್ಡೀವ್ಸಿನ ಒಂದು ರೆಸಾರ್ಟಿನಲ್ಲಿ ಸ್ಟೋರ್ ಸಹಾಯಕನ ಕೆಲಸ ಸಿಕ್ಕಿತು. ಶಿಫಾರಸು ಪತ್ರ ಬರೆದುಕೊಟ್ಟವನು ನಾನೇ.

ಆ ದೇಶದ ಅಳತೆ ಸ್ವಲ್ಪ ಹೇಳಬೇಕು. ಸುಮಾರು 1,200 ದ್ವೀಪಗಳು, ಜನ ಇರುವುದು 200ರ ಆಸುಪಾಸಿನಲ್ಲಿ. ಎಲ್ಲ ನೆಲ ಕೂಡಿಸಿದರೆ 300 ಚದರ ಕಿಲೋಮೀಟರ್. ನಮ್ಮ ಗದಗ ಜಿಲ್ಲೆಯೇ 4,600ರ ಮೇಲಿದೆ, ಅಂದರೆ ಅದರ ಹದಿನೈದರಲ್ಲಿ ಒಂದು ಪಾಲು. ಬಹುತೇಕ ಜಾಗ ಸಮುದ್ರದಿಂದ ಆಳೆತ್ತರವೂ ಮೇಲಿಲ್ಲ. ಮಣ್ಣು ಅಂದರೆ ಹವಳದ ಪುಡಿ. ನೆಲದೊಳಗೆ ಸಿಹಿನೀರಿನ ತೆಳು ಪದರ ಇರುತ್ತದೆ, ಜಾಸ್ತಿ ಎತ್ತಿದರೆ ಉಪ್ಪಾಗುತ್ತದೆ. 2022ರ ಜನಗಣತಿಯಲ್ಲಿ ಅಲ್ಲಿ 5 ಲಕ್ಷ 15 ಸಾವಿರ ಜನ ಸಿಕ್ಕರು. ಅದರಲ್ಲಿ ಸುಮಾರು 1 ಲಕ್ಷ 32 ಸಾವಿರ ಮಂದಿ ಹೊರದೇಶದವರು. ದುಡಿಯಲು ಹೋದ ಬಾಂಗ್ಲಾದೇಶದವರು, ನಮ್ಮವರು, ಶ್ರೀಲಂಕಾ, ನೇಪಾಳದವರು.

ಸ್ಟೋರಿನಲ್ಲಿ ಕಂಡದ್ದು

ವಾರಕ್ಕೆ ಎರಡು ಸಲ ಸಾಮಾನಿನ ದೋಣಿ ಬರುತ್ತಿತ್ತಂತೆ. ಅಲ್ಲಿಯ ಜನರೂ ಅದನ್ನು ದೋಣಿ ಅಂತಲೇ ಕರೆಯುತ್ತಾರೆ ಅಂತ ಅವನು ಮೊದಲ ಫೋನಿನಲ್ಲೇ ಖುಷಿಯಿಂದ ಹೇಳಿದ್ದ. ಉಚ್ಚಾರ ಒಂಚೂರು ಬೇರೆ, ಅಷ್ಟೇ.

ಮೊದಲ ದಿನ ಅವನ ಕೈಗೆ ಬಂದದ್ದು ಕೆಂಪು ಬಲೆಯ ಉಳ್ಳಾಗಡ್ಡಿ ಚೀಲ. ಹುಡುಗ ಉಳ್ಳಾಗಡ್ಡಿ ಹೊಲದಲ್ಲೇ ಬೆಳೆದವನು. ಬಲೆಯೊಳಗೆ ಬೆರಳು ತೂರಿಸಿ ಒಂದು ಗಡ್ಡೆ ಒತ್ತಿ ನೋಡಿದ, ಮೇಲಿನ ಸಿಪ್ಪೆ ಉಜ್ಜಿದ, ಮೂಸಿದ. ನಮ್ಮ ಕಡೆಯದಲ್ಲ, ನಾಸಿಕ್ ಕಡೆಯದು ಅಂತ ಗೊತ್ತಾಯಿತು. ಆದರೂ ಚೀಲದ ಮೇಲೆ ಭಾರತದ ಹೆಸರು ನೋಡಿ ಊರು ನೆನಪಾಯಿತಂತೆ. ಆಮೇಲೆ ಬಂದವು ಮೊಟ್ಟೆ, ಅಕ್ಕಿ, ಆಲೂಗಡ್ಡೆ, ಬೇಳೆ. ಇವೂ ನಮ್ಮಿಂದಲೇ. 1981ರ ವ್ಯಾಪಾರ ಒಪ್ಪಂದದ ಪ್ರಕಾರ ಭಾರತ ಪ್ರತಿ ವರ್ಷ ಇಂಥ ಅಗತ್ಯ ಸಾಮಾನನ್ನು ಕೋಟಾ ಕಟ್ಟಿ ಅಲ್ಲಿಗೆ ಕಳಿಸುತ್ತದೆ. ಬೆಣ್ಣೆ, ಮಾಂಸ, ಸೇಬು ಇನ್ನೂ ದೂರದಿಂದ.

"ಸರ್, ಇಲ್ಲಿ ಕೊತಂಬ್ರಿ ಸೈತ ವಿಮಾನದಾಗ ಬರತೈತ್ರಿ" ಅಂದ ಒಂದು ರಾತ್ರಿ.

ಅವನಿಗೆ ಒಂದು ಚಟ ಹತ್ತಿತು. ಹಳೆಯ ಸ್ಟಾಕ್ ಕಾರ್ಡಿನ ಹಿಂಬದಿಯಲ್ಲಿ, ಬಂದ ಸಾಮಾನಿನಲ್ಲಿ ಈ ದೇಶದ್ದು ಯಾವುದು ಅಂತ ಮಾತ್ರ ಬರೆದಿಡುವುದು. ಮೂರು ತಿಂಗಳಾದರೂ ಪಟ್ಟಿ ಒಂದೇ ಕಾರ್ಡಿನಲ್ಲಿ ಮುಗಿದಿತ್ತು. ಮೀನು, ತೆಂಗಿನಕಾಯಿ, ಆಗಾಗ ತೊಡ್ಡೂ ದ್ವೀಪದ ಕಲ್ಲಂಗಡಿ ಮತ್ತು ಪಪ್ಪಾಯಿ. ಕುಡಿಯುವ ನೀರು ಕೂಡ ಸಮುದ್ರದ ನೀರನ್ನು ಡೀಸೆಲ್ ಸುಟ್ಟು ಸಿಹಿ ಮಾಡಿದ್ದು. ಆ ಡೀಸೆಲ್ಲೂ ಹೊರಗಿನಿಂದ. ಇದು ಎಷ್ಟು ನಾಜೂಕಿನ ವ್ಯವಸ್ಥೆ ಅಂದರೆ, 2014ರ ಡಿಸೆಂಬರ್‌ನಲ್ಲಿ ರಾಜಧಾನಿ ಮಾಲೆಯ ಘಟಕಕ್ಕೆ ಬೆಂಕಿ ಬಿದ್ದಾಗ ಇಡೀ ಊರಿಗೆ ಕುಡಿಯಲು ನೀರಿಲ್ಲದೆ ಭಾರತ ವಿಮಾನ, ಹಡಗುಗಳಲ್ಲಿ ನೀರು ಕಳಿಸಬೇಕಾಯಿತು.

ಆ ಕಾರ್ಡಿನ ಫೋಟೋ ನನಗೆ ಕಳಿಸಿದ. ನಾನು ಅದನ್ನು ದಿನಗಟ್ಟಲೆ ನೋಡಿದೆ. ಪ್ರವಾಸಿ ಕೊಟ್ಟ ಡಾಲರ್ ಬಂದ ಹಾಗೇ ತಿರುಗಿ ಹೊರಗೆ ಹೋಗುವ ದಾರಿ ಅದರಲ್ಲಿತ್ತು. ಊಟದ ದುಡ್ಡು ಊಟ ಕಳಿಸಿದ ದೇಶಕ್ಕೆ. ರೆಸಾರ್ಟ್ ಹೊರಗಿನ ಕಂಪನಿಯದಾದರೆ ಲಾಭವೂ ಅಲ್ಲಿಗೆ. ಸಂಬಳದಲ್ಲಿ ಒಂದು ದೊಡ್ಡ ಪಾಲು ನಮ್ಮ ಹುಡುಗನಂಥವರ ಮೂಲಕ ಗದಗಕ್ಕೆ, ಢಾಕಾಕ್ಕೆ. ಅವನ ಮನೆಯ ಸಾಲ ತೀರಿದ್ದು ಅದರಿಂದಲೇ. ಇದನ್ನೂ ಹೇಳಲೇಬೇಕು.

ಇನ್ನೊಂದು ಸಂಗತಿ ಅವನನ್ನು ಕಾಡಿತು. ರೆಸಾರ್ಟಿನ ಕಸ ದೋಣಿಯಲ್ಲಿ ಹೊರಟುಹೋಗುತ್ತಿತ್ತು. ಎಲ್ಲಿಗೆ ಅಂತ ಕೇಳಿದ. ತಿಲಫುಶಿಗೆ ಅಂದರು. ಮಾಲೆಗೆ ಹತ್ತಿರದ ಒಂದು ಲಗೂನನ್ನು, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ಸಮುದ್ರವನ್ನು, 1990ರ ದಶಕದಿಂದ ಕಸ ತುಂಬಿ ತುಂಬಿ ಮಾಡಿದ ದ್ವೀಪ ಅದು. ಆಗೆಲ್ಲ ಅಲ್ಲಿ ಬಯಲಲ್ಲೇ ಸುಡುತ್ತಿದ್ದರು. ಮಾಲೆಗೆ ಹೋದಾಗ ಅವನು ದೂರದಿಂದ ಹೊಗೆ ನೋಡಿದ. ಬಯಲಲ್ಲಿ ಸುಡುವುದು ನಿಂತದ್ದು 2021ರಲ್ಲಿ. ಪ್ರವಾಸಿಯ ಫೋಟೋದಲ್ಲಿ ಈ ದ್ವೀಪ ಎಂದೂ ಬರುವುದಿಲ್ಲ ಅಲ್ವಾ?

ಯಜಮಾನನ ನಿರ್ಧಾರ

ರೆಸಾರ್ಟಿಗೆ ಸಾಮಾನು ತರುವ ದೋಣಿಯಲ್ಲಿ ಅಲ್ಲಿಯವನೇ ಒಬ್ಬ ಇದ್ದ. ನಲವತ್ತರ ವಯಸ್ಸು. ಹುಡುಗನನ್ನು "ಕೊಕ್ಕೊ" ಅಂತ ಕರೆಯುತ್ತಿದ್ದ, ನಮ್ಮ "ತಮ್ಮಾ" ಇದ್ದ ಹಾಗೆ. ಇವನು ಅವನನ್ನು ಅಣ್ಣ ಅನ್ನುತ್ತಿದ್ದ. ಈ ಬರಹದಲ್ಲಿ ನಾನು ಅವನನ್ನು ಯಜಮಾನ ಅನ್ನುತ್ತೇನೆ.

ಮೊದಲು ಆ ದೇಶದಲ್ಲಿ ಒಂದು ದ್ವೀಪಕ್ಕೆ ಒಂದು ರೆಸಾರ್ಟ್ ಅನ್ನುವ ಪದ್ಧತಿ ಇತ್ತು. ಜನ ವಾಸಿಸುವ ದ್ವೀಪಗಳಲ್ಲಿ ಪ್ರವಾಸಿಗರು ತಂಗುವಂತಿರಲಿಲ್ಲ. 2009-10ರ ಹೊತ್ತಿಗೆ ಆ ನಿಯಮ ಸಡಿಲವಾಯಿತು, ಊರವರೂ ಗೆಸ್ಟ್‌ಹೌಸ್ ನಡೆಸಬಹುದು ಅಂತಾಯಿತು. ದುಡ್ಡು ಊರಿನ ಕೈಗೆ ಬರಲಿ ಅನ್ನುವ ಒಳ್ಳೆಯ ಯೋಚನೆ. ಎಷ್ಟೋ ಮನೆಗಳಿಗೆ ಅದರಿಂದ ಅನ್ನ ಸಿಕ್ಕಿದೆ.

ಯಜಮಾನನೂ ಆರು ಕೋಣೆ ಕಟ್ಟಿದ. ಅದಕ್ಕೆ ಅವನು ಮಾಡಿದ್ದು ಎರಡು ಕೆಲಸ. ಬ್ಯಾಂಕ್ ಸಾಲ ತೆಗೆದ. ಅಪ್ಪ ಬಿಟ್ಟುಹೋದ ಮೀನಿನ ದೋಣಿ ಮಾರಿದ. ದೋಣಿ ಮಾರಿದ್ದು ಯಾರಿಗೂ ತಪ್ಪು ಅನಿಸಲಿಲ್ಲ. ಟ್ಯೂನಾ ಹಿಡಿಯಲು ಬೆಳಗಿನ ಜಾವ ಎದ್ದು ಹೋಗಿ ಬಿಸಿಲಲ್ಲಿ ನಿಲ್ಲಬೇಕು. ಪ್ರವಾಸಿಯನ್ನು ಡಾಲ್ಫಿನ್ ತೋರಿಸಲು ಕರೆದುಕೊಂಡು ಹೋದರೆ ಎರಡು ತಾಸಿನಲ್ಲಿ ಅಷ್ಟೇ ದುಡ್ಡು. ಊರಿನ ಎಷ್ಟೋ ಗಂಡಸರು ಅದೇ ಲೆಕ್ಕ ಹಾಕಿದ್ದರು.

2019ರಲ್ಲಿ ಹೊಸ ಪರ್ಮಿಟ್ ಮಾಡಿಸಿಕೊಂಡು ನಮ್ಮ ಹುಡುಗ ಅಲ್ಲಿಗೆ ಮ್ಯಾನೇಜರ್ ಆಗಿ ಹೋದ. ಸಂಬಳ ಸ್ವಲ್ಪ ಕಡಿಮೆ, ಆದರೆ ಮನೆಯವರ ಹಾಗೆ ನೋಡಿಕೊಂಡರು. ಬೆಳಗಿನ ನಾಷ್ಟಾಕ್ಕೆ ಮಸ್ ಹುನಿ ಮತ್ತು ರೊಶಿ. ಮಸ್ ಹುನಿ ಅಂದರೆ ಟ್ಯೂನಾ, ತೆಂಗಿನ ತುರಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಕೈಯಲ್ಲಿ ಹಿಸುಕಿ ಕಲಸಿದ್ದು. ರೊಶಿ ನಮ್ಮ ಚಪಾತಿಯ ತಂಗಿ. ಸಸ್ಯಾಹಾರಿ ಮನೆಯ ಹುಡುಗ ಅಲ್ಲಿ ಮೀನು ತಿನ್ನಲು ಕಲಿತ. ಈ ಮಾತನ್ನು ಅವ್ವನಿಗೆ ಇವತ್ತಿಗೂ ಹೇಳಿಲ್ಲ.

ಊರೊಳಗೆ ಇದ್ದಾಗ ಕಂಡ ಸಮಸ್ಯೆಗಳು ಬೇರೆ ಥರದವು. ದ್ವೀಪದ ಒಂದು ತುದಿಯಲ್ಲಿ ಕಸದ ರಾಶಿ, ಗಾಳಿ ತಿರುಗಿದರೆ ಹೊಗೆ ಮನೆಗಳ ಮೇಲೆ. ಈಜುಡುಗೆಯ ಪ್ರವಾಸಿಗರಿಗೆ ಅಂತ ಬೀಚಿನ ಒಂದು ಭಾಗಕ್ಕೆ ತೆಂಗಿನ ಗರಿಯ ಬೇಲಿ. ಊರಿನ ಮಕ್ಕಳು ಮೊದಲು ಈಜುತ್ತಿದ್ದ ಜಾಗವೇ ಅದು. ದಂಡೆಯ ಮರಳು ಕೊಚ್ಚಿಹೋಗದ ಹಾಗೆ ಮರಳಿನ ಚೀಲಗಳ ಸಾಲು. ಒಂದು ಕಡೆ ತಡೆದರೆ ಇನ್ನೊಂದು ಕಡೆ ಕೊರೆತ. ಪ್ರಾಯದ ಗಂಡಸರು ರೆಸಾರ್ಟುಗಳಲ್ಲಿ ಇರುತ್ತಾರೆ, ತಿಂಗಳುಗಟ್ಟಲೆ ಮನೆಗೆ ಬರುವುದಿಲ್ಲ. ಹೆಂಗಸರು ರೆಸಾರ್ಟ್ ಕೆಲಸಕ್ಕೆ ಹೋಗುವುದು ತೀರಾ ಕಡಿಮೆ. ಹೀಗಾಗಿ ಮನೆ, ಮಕ್ಕಳು, ವಯಸ್ಸಾದವರು ಎಲ್ಲ ಅವರ ಮೇಲೆ.

ಹವಳದ ದಿಬ್ಬದ ವಿಷಯ ಅವನಿಗೆ ಯಜಮಾನನೇ ಹೇಳಿದ್ದು. 2016ರಲ್ಲಿ ಸಮುದ್ರದ ನೀರು ಬಿಸಿಯಾಗಿ ದೇಶದ ಅರ್ಧಕ್ಕಿಂತ ಜಾಸ್ತಿ ಹವಳ ಬಿಳಿಚಿಕೊಂಡಿತ್ತು. ಬಿಸಿ ಪ್ರಪಂಚದ್ದು, ಅದನ್ನು ಈ ದೇಶ ಒಂದೇ ತಡೆಯಲಾರದು. ಆದರೆ ಬಳಲಿದ ಹವಳದ ಮೇಲೆ ದೋಣಿಯ ಲಂಗರು, ಈಜುವವರ ಕಾಲು, ಹೂಳೆತ್ತಿದ ಮರಳು ಕೂತರೆ ಅದು ಚೇತರಿಸುವುದು ಹೇಗೆ? ಆ ದ್ವೀಪಗಳನ್ನು ಅಲೆಯಿಂದ ಕಾಯುವ ಗೋಡೆಯೇ ಹವಳ. ಪ್ರವಾಸಿ ನೋಡಲು ಬರುವುದೂ ಅದನ್ನೇ.

2020

ಮಾರ್ಚ್ 27ಕ್ಕೆ ಪ್ರವಾಸಿಗರ ವೀಸಾ ನಿಂತಿತು. ಎರಡು ದಿನದಲ್ಲಿ ಆರೂ ಕೋಣೆ ಖಾಲಿ. ಹುಡುಗ ಹಾಸಿಗೆಗಳ ಮೇಲೆ ಹೊದಿಕೆ ಹಾಕಿ ಬೀಗ ಹಾಕಿದ. ಬ್ಯಾಂಕಿನ ಕಂತು ಯಜಮಾನನ ತಲೆ ಮೇಲೆ ಹಾಗೇ ಕೂತಿತ್ತು.

ಈ ಪ್ರಕರಣದ ತಿರುವು ಅಂದರೆ ಇದೇ. ಊರಿನಲ್ಲಿ ದೋಣಿ ಉಳಿಸಿಕೊಂಡಿದ್ದ ಕೆಲವೇ ಮನೆಯವರು ಮರುದಿನವೇ ಮೀನಿಗೆ ಹೊರಟರು. ಯಜಮಾನ ದಂಡೆಯಲ್ಲಿ ನಿಂತು ನೋಡಿದ. ಆಮೇಲೆ ಒಬ್ಬರ ದೋಣಿಯಲ್ಲಿ ಆಳಾಗಿ ಹೋಗತೊಡಗಿದ. ತನ್ನ ಅಪ್ಪನ ದೋಣಿಯಲ್ಲಿ ಕೂಲಿಗೆ ಬರುತ್ತಿದ್ದವನ ಮಗನ ದೋಣಿ ಅದು. ಸಂಜೆ ಪಾಲಿಗೆ ಬಂದ ಮೀನು ತಂದರೆ ಮನೆಯವರು ಗರುಧಿಯ ಅನ್ನುವ ತಿಳಿಸಾರು ಮಾಡುತ್ತಿದ್ದರು. ಅನ್ನ, ಸಾರು, ನಿಂಬೆಹಣ್ಣು. ಒಂದು ತಿಂಗಳು ಬಹುತೇಕ ಅದೇ ಊಟ. ಹುಡುಗನ ಸಂಬಳ ನಿಂತರೂ ತಟ್ಟೆ ನಿಲ್ಲಲಿಲ್ಲ.

ಮೇ ತಿಂಗಳಲ್ಲಿ ನಮ್ಮ ನೌಕಾಪಡೆಯ ಹಡಗು ಐಎನ್‌ಎಸ್ ಜಲಾಶ್ವ ಮಾಲೆಗೆ ಬಂತು. ಮೊದಲ ಸುತ್ತಿನಲ್ಲಿ 698 ಜನರನ್ನು ಹತ್ತಿಸಿಕೊಂಡು ಮೇ 10ಕ್ಕೆ ಕೊಚ್ಚಿ ಮುಟ್ಟಿತು. ಅದರಲ್ಲಿ ಇವನೂ ಇದ್ದ. ಕ್ವಾರಂಟೈನ್ ಮುಗಿಸಿ ಊರು ಸೇರುವಾಗ ಕೈಯಲ್ಲಿ ಒಂದು ಬ್ಯಾಗು, ಎರಡು ತಿಂಗಳ ಬಾಕಿ ಸಂಬಳದ ಚೀಟಿ. ಅದನ್ನು ಯಜಮಾನ ಮುಂದಿನ ವರ್ಷ ಪೈಸೆ ಬಿಡದೆ ಕಳಿಸಿದ.

ಜುಲೈ 15ಕ್ಕೆ ಆ ದೇಶ ಗಡಿ ತೆರೆಯಿತು. ತೆರೆಯದೆ ದಾರಿಯೇ ಇರಲಿಲ್ಲ. ಅದರ ವಿದೇಶಿ ವಿನಿಮಯದಲ್ಲಿ ಬಹುಪಾಲು ಪ್ರವಾಸಿಗರಿಂದಲೇ ಬರುತ್ತದೆ. ಆದರೂ ಆ ವರ್ಷ ಬಂದವರು 5.5 ಲಕ್ಷ, ಹಿಂದಿನ ವರ್ಷದ ಮೂರರಲ್ಲಿ ಒಂದು ಪಾಲು. ದೇಶದ ಒಟ್ಟು ಉತ್ಪಾದನೆಯೂ ಸುಮಾರು ಮೂರನೇ ಒಂದರಷ್ಟು ಕುಸಿಯಿತು. ಒಂದೇ ವರ್ಷದಲ್ಲಿ.

ಊರಿನಲ್ಲಿ ಅದೇ ಪ್ರಶ್ನೆ

2021ರ ಕೊನೆಗೆ ಹುಡುಗ ನನ್ನ ಹತ್ತಿರ ಬಂದ. ಲಕ್ಕುಂಡಿ ನೋಡಲು ಜನ ಬರುತ್ತಾರೆ, ಚಳಿಗಾಲದಲ್ಲಿ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ಬರುತ್ತವೆ, ಕಪ್ಪತಗುಡ್ಡವಿದೆ. ತಂಗಲು ಒಳ್ಳೆಯ ಜಾಗ ಕಡಿಮೆ. ಮೂರು ಎಕರೆ ಮಾರಿ ಎಂಟು ಕೋಣೆ ಕಟ್ಟುತ್ತೇನೆ, ಬ್ಯಾಂಕಿಗೆ ಕೊಡಲು ಯೋಜನಾ ವರದಿ ಬರೆದುಕೊಡಿ ಅಂದ.

ಬರೆದುಕೊಟ್ಟೆ. ವರ್ಷವಿಡೀ ಅರ್ಧಕ್ಕಿಂತ ಜಾಸ್ತಿ ಕೋಣೆ ತುಂಬಿರುತ್ತವೆ ಅಂತ ಲೆಕ್ಕ ಹಾಕಿದೆ. ನಮ್ಮ ಬಿಸಿಲಲ್ಲಿ ಏಪ್ರಿಲ್, ಮೇ ತಿಂಗಳು ಯಾರು ಬರುತ್ತಾರೆ? ಲಕ್ಕುಂಡಿ ನೋಡಿದವರು ಸಂಜೆಗೆ ಹಂಪಿಗೋ ಹುಬ್ಬಳ್ಳಿಗೋ ಹೊರಟುಬಿಡುತ್ತಾರೆ. ಇದು ನನಗೆ ಗೊತ್ತಿತ್ತು. ಆದರೂ ಬರೆದೆ. ಅದು ನನ್ನ ತಪ್ಪು, ಆ ವರದಿ ಇವತ್ತಿಗೂ ನನ್ನ ಕಪಾಟಿನಲ್ಲಿದೆ.

ತಡೆದವರು ಅವನ ಅಪ್ಪ. ಸಹಿ ಕೇಳಲು ನಾನೂ ಅವರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವಾಗ ಅವರು ಮಗನಿಗೆ ಕೇಳಿದರು.

"ಅಲ್ಲೋ, ಆ ಮನಷ್ಯಾ ದೋಣಿ ಮಾರಿದ ಅಂದಿದ್ದಿ. ಮನಿ ಮಂದಿ ಹೊಟ್ಟಿಗೆ ಹಾಕೋದನ್ನ ಮಾರಿ, ಹೊರಗಿನವ್ರ ದಾರಿ ಕಾಯ್ಕೋಂತ ಕುಂತ. ನೀನೂ ಅದನ್ನ ಮಾಡ್ತೀ?"

ಮಗ ಸುಮ್ಮನಿದ್ದ. ಅವರು ನನ್ನ ಕಡೆ ತಿರುಗಿದರು. "ಸರ, ನಮ್ಮ ಹೊಲದಾಗ ಅಕ್ಕಡಿ ಇಲ್ದ ಎಂದರ ಬಿತ್ತೇವೇನ್ರಿ? ಜ್ವಾಳ ಹೋದ್ರ ಕುಸುಬಿ ಬರ್ತೈತಿ, ಅದೂ ಹೋದ್ರ ಕಡ್ಲಿ ಇರ್ತಾವು. ಎಲ್ಲಾ ಒಂದ ಬೆಳಿ ಹಾಕಿದಾವ ಸಾಲಗಾರ ಆಗೇ ಆಗ್ತಾನ."

ಅಕ್ಕಡಿ ಅಂದರೆ ಮುಖ್ಯ ಬೆಳೆಯ ನಡುವೆ ಸಾಲು ಬಿಟ್ಟು ಬಿತ್ತುವ ಬೇರೆ ಬೆಳೆ. ಇಪ್ಪತ್ತು ವರ್ಷ ನಾನು ಕಲಿಸಿದ ಪಾಠದಲ್ಲಿ ಇಲ್ಲದ ಮಾತು ಅದು. ಒಂದು ದೇಶವೇ ಒಂದೇ ಬೆಳೆ ಹಾಕಿದರೆ ಏನಾಗುತ್ತದೆ ಅನ್ನುವುದು ಎರೆ ಹೊಲದ ರೈತನಿಗೆ ತಕ್ಷಣ ಹೊಳೆಯಿತು. ಹೊಲ ಮಾರಲಿಲ್ಲ. ಹಳೆಯ ಮನೆಯ ಹಿಂಬದಿಯ ದನದ ಕೊಟ್ಟಿಗೆ ರಿಪೇರಿ ಮಾಡಿ ಎರಡು ಕೋಣೆ ಮಾಡಿದರು. ಸಾಲ ಸಣ್ಣದು. 2022ರ ಚಳಿಗಾಲಕ್ಕೆ ಬಾಗಿಲು ತೆರೆಯಿತು.

ಆಮೇಲೆ ಆದದ್ದು

ಯಜಮಾನನ ಕೋಣೆಗಳೂ 2021ರ ಹೊತ್ತಿಗೆ ಮತ್ತೆ ತುಂಬಿದವು. ಅದಕ್ಕೆ ಕಾರಣ ನಮ್ಮವರು. ಕೊರೊನಾ ಕಾಲದಲ್ಲಿ ಮಾಲ್ಡೀವ್ಸಿಗೆ ಅತಿ ಹೆಚ್ಚು ಹೋದವರು ಭಾರತೀಯರು. 2023ರಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ಹೋದರು. ಯಜಮಾನ ಗೋಡೆಗೆ ಹಿಂದಿ ಬೋರ್ಡ್ ಹಾಕಿಸಿದ, ಅಡುಗೆಗೆ ಬೇಳೆ ತರಿಸಿದ. ಬೇರೆ ಕಡೆಯ ಪ್ರವಾಸಿಗರನ್ನು ಹುಡುಕುವುದು ಬಿಟ್ಟ. ಒಂದೇ ಬೆಳೆಯೊಳಗೆ ಮತ್ತೆ ಒಂದೇ ತಳಿ.

2024ರ ಜನವರಿಯಲ್ಲಿ ನಮ್ಮ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ಅಲ್ಲಿನ ಮೂವರು ಉಪಮಂತ್ರಿಗಳು ಕೆಟ್ಟದಾಗಿ ಬರೆದರು. ಅವರನ್ನು ಅಮಾನತು ಮಾಡಲಾಯಿತು, ಆದರೂ ಇಲ್ಲಿ ಬಹಿಷ್ಕಾರದ ಕೂಗು ಎದ್ದಿತು. ಯಜಮಾನನ ಫೋನಿನಲ್ಲಿ ಸಾಲಾಗಿ ರದ್ದಾದ ಬುಕಿಂಗ್‌ಗಳು. ಆ ವರ್ಷ ದೇಶಕ್ಕೆ ಒಟ್ಟು 20 ಲಕ್ಷಕ್ಕಿಂತ ಜಾಸ್ತಿ ಪ್ರವಾಸಿಗರು ಬಂದರು, ಅದು ದಾಖಲೆ. ಭಾರತೀಯರು ಮಾತ್ರ ಸುಮಾರು 1.3 ಲಕ್ಷಕ್ಕೆ ಇಳಿದರು. ದೇಶದ ಲೆಕ್ಕದಲ್ಲಿ ಏರಿಕೆ, ಅವನ ಮನೆಯಲ್ಲಿ ಖಾಲಿ ಹಾಸಿಗೆ. ಯಾರೋ ಮಂತ್ರಿಗಳು ಬರೆದ ನಾಲ್ಕು ಸಾಲಿಗೆ, ರಾಜಕೀಯ ಗೊತ್ತೇ ಇಲ್ಲದ ಒಬ್ಬ ದಂಡ ಕಟ್ಟಿದ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ.

ಅದೇ ಸಮಯಕ್ಕೆ ಉಳ್ಳಾಗಡ್ಡಿಯದು ಇನ್ನೊಂದು ಕಥೆ. 2023ರ ಡಿಸೆಂಬರ್‌ನಲ್ಲಿ ಭಾರತ ಉಳ್ಳಾಗಡ್ಡಿ ರಫ್ತು ನಿಲ್ಲಿಸಿತ್ತು. ಇಲ್ಲಿ ಹುಬ್ಬಳ್ಳಿ ಎಪಿಎಂಸಿಗೆ ಚೀಲ ತಂದ ರೈತರ ಮುಖ ಬಾಡಿತ್ತು, ಹುಡುಗನ ಅಪ್ಪನದೂ. ಅಲ್ಲಿ ಯಜಮಾನನ ಹೆಂಡತಿ ಮಸ್ ಹುನಿಗೆ ಅರ್ಧ ಗಡ್ಡೆ ಹಾಕಿ ಉಳಿದರ್ಧ ನಾಳೆಗೆ ಎತ್ತಿಡುತ್ತಿದ್ದರಂತೆ. 2024ರ ಏಪ್ರಿಲ್‌ನಲ್ಲಿ ಮಾಲ್ಡೀವ್ಸಿಗೆ ಕೋಟಾದಡಿ ಬಿಡಲಾಯಿತು. ಇಬ್ಬರ ಕಷ್ಟಕ್ಕೂ ಕಾರಣ ಒಂದೇ ಆದೇಶ. ಆದರೆ ನಮ್ಮ ರೈತನಿಗೆ ಬೇರೆ ಬೆಳೆ ಇತ್ತು, ಅವರಿಗೆ ತಮ್ಮದೇ ಉಳ್ಳಾಗಡ್ಡಿ ಇರಲಿಲ್ಲ.

ಆ ವರ್ಷ ಅಲ್ಲಿ ಡಾಲರಿಗೂ ಬರ ಬಂತು. ಇಷ್ಟೊಂದು ಪ್ರವಾಸಿಗರು ಡಾಲರ್ ಕೊಡುವ ದೇಶದಲ್ಲಿ ಡಾಲರ್ ಬರ ಅಂದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ಸ್ಟಾಕ್ ಕಾರ್ಡಿನ ಫೋಟೋ ತೋರಿಸಿದರೆ ನಂಬುತ್ತಾರೆ. ಅಕ್ಟೋಬರ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್, ಪ್ರವಾಸೋದ್ಯಮದವರು ಗಳಿಸಿದ ಡಾಲರಿನಲ್ಲಿ ಒಂದು ಪಾಲನ್ನು ಸ್ಥಳೀಯ ಬ್ಯಾಂಕುಗಳಲ್ಲಿ ಬದಲಾಯಿಸಲೇಬೇಕು ಅಂತ ನಿಯಮ ಮಾಡಿತು. ಅದೇ ತಿಂಗಳು ಭಾರತ 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ವಿನಿಮಯದ ನೆರವು ಕೊಟ್ಟಿತು.

ನನ್ನ ಪಾಠ ಬದಲಾದದ್ದು

ಪ್ರವಾಸೋದ್ಯಮ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮರಳು ಮತ್ತು ಮೀನು ಬಿಟ್ಟು ಏನೂ ಇಲ್ಲದ ದೇಶಕ್ಕೆ ಶಾಲೆ, ಆಸ್ಪತ್ರೆ, ರಸ್ತೆ ಬಂದದ್ದು ಅದರಿಂದಲೇ. ನಾನು ತಪ್ಪಿದ್ದು ಎಲ್ಲಿ ಅಂದರೆ, ಎಷ್ಟು ಜನ ಬಂದರು ಅಂತ ಎಣಿಸಿದೆ. ಅವರು ಕೊಟ್ಟ ದುಡ್ಡು ಊರು ಬಿಡುವ ಮೊದಲು ಎಷ್ಟು ಕೈ ದಾಟಿತು ಅಂತ ಎಣಿಸಲಿಲ್ಲ.

ಈಗ ಮೊದಲ ವಾರ ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ. ಪ್ರವಾಸಿಯ ಒಂದು ತಟ್ಟೆ ನಾಷ್ಟಾ ತೆಗೆದುಕೊಂಡು, ಅದರ ಒಂದೊಂದು ಪದಾರ್ಥ ಎಲ್ಲಿಂದ ಬಂತು ಅಂತ ಬರೆಯುವುದು. ಯಜಮಾನನ ತಟ್ಟೆಯಲ್ಲಿ ಮೀನು, ಕಾಯಿ ಊರಿನವು, ಉಳಿದದ್ದೆಲ್ಲ ಹಡಗಿನದು. ನಮ್ಮ ಹುಡುಗನ ಮನೆಯ ತಟ್ಟೆಯಲ್ಲಿ ಜೋಳದ ರೊಟ್ಟಿ ಅವನ ಹೊಲದ್ದು, ಶೇಂಗಾ ಚಟ್ನಿ ಅತ್ತೆಯ ಮನೆಯದು, ಪುಂಡಿ ಪಲ್ಯ ಪಕ್ಕದ ಮನೆಯ ಹಿತ್ತಲಿನದು, ಮೊಸರು ಎದುರು ಮನೆಯ ಎಮ್ಮೆಯದು, ಕಾರಪುಡಿಯ ಮೆಣಸಿನಕಾಯಿ ಬ್ಯಾಡಗಿಯದು. ಚಹಾಪುಡಿ, ಸಕ್ಕರೆ, ಗ್ಯಾಸ್ ಹೊರಗಿನವು. ಎರಡೇ ಕೋಣೆ, ಆದರೆ ಐದಾರು ಮನೆಗೆ ದುಡ್ಡು ಹೋಗುತ್ತದೆ. ಬೇಸಿಗೆಯಲ್ಲಿ ಕೋಣೆ ಖಾಲಿ ಇದ್ದರೆ ಯಾರೂ ಉಪವಾಸ ಬೀಳುವುದಿಲ್ಲ. ಹಾಗಂತ ದ್ವೀಪದವನ ಹತ್ತಿರ ಎರೆ ಹೊಲ ಇಲ್ಲವಲ್ಲ, ಅವನಿಗೆ ಇದನ್ನೇ ಮಾಡು ಅನ್ನುವುದು ಸುಲಭದ ಮಾತಾಗುತ್ತದೆ. ಅವನಿಗಿದ್ದ ಅಕ್ಕಡಿ ದೋಣಿ ಒಂದೇ.

ಹೋದ ವರ್ಷ ಉಳ್ಳಾಗಡ್ಡಿ ಕೀಳುವ ಹೊತ್ತಿಗೆ ನಾನು ಅವರ ಹೊಲದಲ್ಲಿದ್ದೆ. ಹುಡುಗನ ಫೋನಿಗೆ ಯಜಮಾನನ ಫೋಟೋ ಬಂತು. ಒಂದು ಹಳೆಯ ದೋಣಿ, ಬದಿಗೆ ಹೊಸದಾಗಿ ನೀಲಿ ಬಣ್ಣ. ತಮ್ಮನ ಜೊತೆ ಅರ್ಧ ಪಾಲಿಗೆ ಕೊಂಡಿದ್ದಾನಂತೆ. ವಾರದಲ್ಲಿ ನಾಲ್ಕು ದಿನ ಮೀನಿಗೆ, ಉಳಿದ ದಿನ ಪ್ರವಾಸಿಗರಿಗೆ.

ಹುಡುಗ ಫೋನನ್ನು ಅಪ್ಪನ ಕೈಗೆ ಕೊಟ್ಟ. ಮಣ್ಣಾದ ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಅವರು ಫೋಟೋ ದೊಡ್ಡದು ಮಾಡಿ ನೋಡಿದರು.

"ಚೊಲೋ ಆತು" ಅಂದರು. "ಎಷ್ಟು ಮಂದಿ ಹಿಡಸ್ತಾರಂತ ಕೇಳು."